ಹಾಯಿದೋಣಿಯ ವಾರಸು

ಅಸ್ಸಿ, ವಾರಾಣಸಿ
18 ನವೆಂಬರ್ 2024

ಪ್ರಾರ್ಥನಾ ಅವರಿಗೆ,

ದೂರವಾಣಿಯಲ್ಲಿ ನಾವಿಬ್ಬರೂ ಮಾತನಾಡಿದರೆ ಒಬ್ಬರು ಅಳುತ್ತೇವೆ, ಇನ್ನೊಬ್ಬರು ಗದರುತ್ತೇವೆ. ವಿಷಯ ಇದ್ದಲ್ಲೇ ಉಳಿಯುತ್ತದೆ. ಆದ್ದರಿಂದ ಈ ಪತ್ರ.

ವಿಷಯ ದೋಣಿಯದು. ವರುಣ ಜ್ವರದಲ್ಲಿ ಹೋದಂದಿನಿಂದ ಅದು ಆಚೆ ದಡದ ಮರಳಿನ ಮೇಲೆ ಟಾರ್ಪಾಲಿನಡಿ ಮಲಗಿದೆ. ಹೋದ ವಾರ ನದೀತೀರದ ಕಚೇರಿಯಿಂದ ಸೂಚನೆ ಬಂದಿದೆ: ಪ್ರಯಾಗದ ಕುಂಭಕ್ಕೆ ಬರುವ ಜನ ಇಲ್ಲಿಗೂ ನುಗ್ಗುವ ಮೊದಲು, ನೋಂದಣಿಯಿಲ್ಲದ ದೋಣಿಗಳನ್ನೆಲ್ಲ ವಶಪಡಿಸಿಕೊಳ್ಳುತ್ತಾರಂತೆ. ನನ್ನ ಮಗ ಎರಡು ಚಳಿಗಾಲ ಕೈ ಸವೆಸಿ ಕಟ್ಟಿದ ವಸ್ತು ಯಾವುದೋ ಠಾಣೆಯ ಹಿತ್ತಿಲಲ್ಲಿ ಕೊಳೆಯುವುದನ್ನು ನಾನು ಸಹಿಸಲಾರೆ.

ಮಾರ್ಗಗಳು ಎರಡು. ಮೊದಲನೆಯದು ನಗರದ ಪರವಾನಗಿ. ಮೂತಿಯ ಮೇಲೆ ಒಂದು ಸಂಖ್ಯೆ ಬರೆಸಿದರೆ ಮುಗಿಯಿತು, ಎಂಜಿನ್ ಬೇಕಿಲ್ಲ. ಆದರೆ ಅದು ಈ ಘಾಟುಗಳಿಗೆ ಮಾತ್ರ ಸಲ್ಲುತ್ತದೆ, ಮತ್ತು ವ್ಯವಹಾರದಲ್ಲಿ ಅಂಥ ದೋಣಿ ಘಾಟಿನ ಅಂಬಿಗರ ಸ್ವತ್ತಾಗಿಬಿಡುತ್ತದೆ. ಎರಡನೆಯದು ಕೇಂದ್ರದ ಕಾಯ್ದೆಯಡಿಯ ನೋಂದಣಿ. ಅದಾದರೆ ದೇಶದ ಯಾವ ನದಿಯಲ್ಲಾದರೂ ದೋಣಿಗೆ ಮಾನ್ಯತೆ. ಸಂಖ್ಯೆಯಷ್ಟೇ ಅಲ್ಲ, ಹೆಸರೂ ದಾಖಲಾಗುತ್ತದೆ. ನಮ್ಮ ದೋಣಿ ಆ ವರ್ಗಕ್ಕೆ ಸೇರಬೇಕಾದರೆ ಹಿಂಬದಿಗೆ ಸಣ್ಣದೊಂದು ಎಂಜಿನ್ ಕೂಡಿಸಬೇಕೆಂದು ಕಚೇರಿಯಲ್ಲಿ ಹೇಳಿದರು.

ಧಾರವಾಡದ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಿಗೆ ನಿಲ್ಲುತ್ತಿದ್ದ ಕಾಲದಿಂದಲೂ ಯಾವ ಪ್ರಶ್ನೆಗಾದರೂ ಎರಡೂ ಪಕ್ಷಗಳಿಂದ ವಾದಿಸಿ ನೋಡುವುದು ನನ್ನ ಪದ್ಧತಿ. ಹಾಗೆ ವಾದಿಸಿ ನೋಡಿದೆ. ನಗರದ ಪರವಾನಗಿಯ ಪರವಾಗಿ ಸೋವಿಯೆಂಬ ಒಂದು ಕಾರಣ ಬಿಟ್ಟರೆ ಬೇರೇನೂ ಸಿಗಲಿಲ್ಲ. ಮಗನ ಸ್ಮರಣೆ ಸೋವಿಯ ವಿಷಯವಲ್ಲ. ಕೇಂದ್ರದ ನೋಂದಣಿ ಮಾಡಿಸಿ ದೋಣಿಗೆ ‘ವರುಣ’ ಎಂದು ಹೆಸರಿಡುವುದೆಂದು ತೀರ್ಮಾನಿಸಿದ್ದೇನೆ. ನಿಮ್ಮ ಗಮನಕ್ಕೆ ತರುವುದು ಸೌಜನ್ಯ ಎನಿಸಿತು.

ಇತಿ,
ಪದ್ಮನಾಭ

*

ಹೊನ್ನಾವರ
2 ಡಿಸೆಂಬರ್ 2024

ಮಾನ್ಯ ಪ್ರೊಫೆಸರರಿಗೆ,

ನಿಮ್ಮ ಪತ್ರ ಓದಿದೆ. ದೋಣಿಗೆ ಆಗಲೇ ಹೆಸರಿದೆ. ‘ಬತಾಸ್’. ಅಲ್ಲಿನ ಅಂಬಿಗರು ಗಾಳಿಗೆ ಹಾಗೆನ್ನುತ್ತಾರೆ. ಮೊದಲ ಸಲ ಹಾಯಿ ಏರಿಸಿದ ದಿನ ಘಾಟಿನ ಅಂಬಿಗ ರಘುನಾಥ ಭಯ್ಯಾ ಕೂಗಿದ ಮಾತು ಅದು. ವರುಣ ಅಲ್ಲೇ ಅದನ್ನು ಹೆಸರಾಗಿ ಹಿಡಿದುಕೊಂಡ. ಮನೆಯಲ್ಲಿ ನಿಮಗೂ ಹೇಳಿದ್ದನಂತೆ. ಗಂಭೀರವಾದ ಹೆಸರಲ್ಲ ಎಂದಿರಂತೆ.

ಎಂಜಿನ್ ಬೇಡ. ಮೋಟಾರಿನ ಸದ್ದಿಲ್ಲದೆ ಪ್ರವಾಹಕ್ಕೆ ಎದುರಾಗಿ ಹೋಗುವ ದೋಣಿಯನ್ನು ಅಸ್ಸಿಯ ಮಕ್ಕಳು ನೋಡಿಯೇ ಇಲ್ಲ ಎಂಬ ಒಂದೇ ಮಾತಿನಿಂದ ಶುರುವಾದ ಕೆಲಸ ಅದು. ಅಲ್ಲಿನ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ನಾನು ನದಿಯ ಹೂಳು ಜಾಲಿಸುತ್ತ ಕೂತಿದ್ದಾಗ ನಮ್ಮೂರಿನ ಹಾಯಿಗಳ ಕಥೆ ಹೇಳಿ ಅವನ ತಲೆ ಕೆಡಿಸಿದವಳು ನಾನು. ಒಡಲು ಕಟ್ಟಿದ್ದು ವರುಣ ಮತ್ತು ರಘುನಾಥ ಭಯ್ಯಾ. ಹಾಯಿ ಹೊಲಿದು ಕಳಿಸಿದ್ದು ನನ್ನ ಅಪ್ಪ. ಮೀನು ಹಿಡಿಯುವ ಮನೆ ಎಂದು ನಿಮಗೆ ಆಗ ಅಡ್ಡಿಯಾಗಿದ್ದದ್ದೂ ಇದೇ ಅಪ್ಪ.

ಕೇಂದ್ರದ ನೋಂದಣಿಯಾದರೆ ಬತಾಸನ್ನು ಶರಾವತಿಗೂ ತರಬಹುದು. ಆಸೆಯಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಬೆನ್ನಿಗೆ ಎಂಜಿನ್ ಕಟ್ಟಿಸಿಕೊಂಡು ಬರುವುದಾದರೆ ಬೇಡ. ನಗರದ ಪರವಾನಗಿ ಸಾಕು. ನನ್ನ ಹೆಸರಿನಲ್ಲಿ ಅರ್ಜಿ ಹಾಕಲು ರಘುನಾಥ ಭಯ್ಯಾ ಅವರಿಗೆ ಹೇಳಿದ್ದೇನೆ. ಅವರು ಹಾಕಿಯೂ ಆಗಿದೆ.

ಅಮ್ಮ ಹೇಗಿದ್ದಾರೆ? ಅವರ ಮೊಣಕಾಲಿಗೆ ಈ ಚಳಿ ಆಗುವುದಿಲ್ಲ.

ಪ್ರಾರ್ಥನಾ

*

ಅಸ್ಸಿ, ವಾರಾಣಸಿ
14 ಡಿಸೆಂಬರ್ 2024

ಪ್ರಾರ್ಥನಾ ಅವರಿಗೆ,

ನಿಮ್ಮ ಪತ್ರದಲ್ಲಿ ಭಾವನೆ ಇದೆ, ವಾದವಿಲ್ಲ. ದೋಣಿಗೆ ಎಂಜಿನ್ ಕೂಡಿಸಿದ ಮಾತ್ರಕ್ಕೆ ಹಾಯಿಯನ್ನು ಕಿತ್ತೆಸೆಯಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ. ಎಂಜಿನ್ ಇರುತ್ತದೆ, ಬಳಸುವುದು, ಬಿಡುವುದು ಬೇರೆ ಮಾತು. ಹೆಸರಿನ ಬಗ್ಗೆ: ಅಂಬಿಗನೊಬ್ಬ ಉತ್ಸಾಹದಲ್ಲಿ ಕೂಗಿದ ಶಬ್ದ ನಾಮಕರಣವಾಗುವುದಿಲ್ಲ. ಹಾಯಿ ಹೊಲಿದವರು ಯಾರು, ಮರ ಕೊಯ್ದವರು ಯಾರು ಎಂಬುದು ಕೃತಜ್ಞತೆಯ ಪ್ರಶ್ನೆಯೇ ಹೊರತು ಒಡೆತನದ್ದಲ್ಲ.

ಒಡೆತನದ ಪ್ರಶ್ನೆಗೆ ಬರುತ್ತೇನೆ. ‘ನನ್ನ ಹೆಸರಿನಲ್ಲಿ’ ಎಂದು ನೀವು ಬರೆದಿದ್ದೀರಿ. ಯಾವ ಆಧಾರದ ಮೇಲೆ ಎಂದು ಕಚೇರಿ ಕೇಳುತ್ತದೆ. ಆಗ ತೊಂದರೆಯಾದೀತು ಎಂದು ಮೊದಲೇ ಎಚ್ಚರಿಸುವುದು ನನ್ನ ಕರ್ತವ್ಯ. ನಾನೂ ಅರ್ಜಿ ಹಾಕಿದ್ದೇನೆ. ಎರಡೂ ಅರ್ಜಿಗಳು ಒಬ್ಬರೇ ಅಧಿಕಾರಿಯ ಮೇಜಿಗೆ ಬಂದಿವೆ. ಜನವರಿಯಲ್ಲಿ ವಿಚಾರಣೆ.

ವಸುಮತಿಗೆ ಮೊಣಕಾಲು ನೋವು ಇದ್ದೇ ಇದೆ.

ಇತಿ,
ಪದ್ಮನಾಭ

*

ಹೊನ್ನಾವರ
30 ಡಿಸೆಂಬರ್ 2024

ಪ್ರೊಫೆಸರರಿಗೆ,

ನೀವು ನನ್ನ ಪತ್ರಕ್ಕೆ ಉತ್ತರ ಬರೆದಿಲ್ಲ, ಅಂಕ ಹಾಕಿದ್ದೀರಿ.

ವರುಣ ಹೇಳುತ್ತಿದ್ದ: “ಅಪ್ಪನ ಹತ್ತಿರ ಮಾತಾಡಿ ಬಂದರೆ ಯಾರು ಗೆದ್ದರು ಅನ್ನೋದು ನೆನಪಿರುತ್ತೆ, ಏನು ಮಾತಾಡಿದ್ವಿ ಅನ್ನೋದು ನೆನಪಿರೋದಿಲ್ಲ.”

ವಿಚಾರಣೆಗೆ ಅಷ್ಟು ದೂರ ಬರಲು ನನ್ನಿಂದ ಆಗುವುದಿಲ್ಲ. ನನ್ನ ಪರವಾಗಿ ರಘುನಾಥ ಭಯ್ಯಾ ಇರುತ್ತಾರೆ.

ಪ್ರಾರ್ಥನಾ

*

ಅಸ್ಸಿ, ವಾರಾಣಸಿ
24 ಜನವರಿ 2025

ಪ್ರಾರ್ಥನಾ ಅವರಿಗೆ,

ವಿಚಾರಣೆ ನಿನ್ನೆ ಮುಗಿಯಿತು. ಕಾನೂನಿನಲ್ಲಿ ತಾಯಿಯಿರುವಾಗ ತಂದೆಗೆ ವಾರಸಿಲ್ಲ; ದೋಣಿ ವರುಣನ ತಾಯಿಯ ಸ್ವತ್ತೆಂದು ಅಧಿಕಾರಿ ಒಪ್ಪಿ, ಆಕೆಯ ಪರವಾಗಿ ನಾನು ಸಲ್ಲಿಸಿದ ಕೇಂದ್ರ ನೋಂದಣಿಯ ಅರ್ಜಿಯನ್ನು ಅಂಗೀಕರಿಸಿದರು. ಎಂಜಿನ್ ಕೂಡಿಸಿ ತೋರಿಸಿದ ಮೇಲೆ ಪ್ರಮಾಣಪತ್ರ ಕೊಡುತ್ತಾರೆ. ರಘುನಾಥ ಮತ್ತು ಅವನ ಜೊತೆ ಬಂದಿದ್ದ ಘಾಟಿನವರು ವಿಚಾರಣೆ ನಡೆದ ಕಚೇರಿಯ ಅಂಗಳದಲ್ಲಿ ಕೂತಿದ್ದರು. ಅವರಿಗೆ ಮಾತನಾಡಲು ಪೂರ್ಣ ಅವಕಾಶ ಕೊಡಲಾಗಿತ್ತು. ನಾನು ಮುಂದಿಟ್ಟ ಒಂದು ಮುಖ್ಯ ಅಂಶವನ್ನು ಅವರಲ್ಲಿ ಒಬ್ಬರೂ ಅಲ್ಲಗಳೆಯಲಿಲ್ಲ. ರಘುನಾಥ ಎದ್ದು ಕೈಮುಗಿದು, ತನಗೆ ಹೇಳುವುದೇನೂ ಇಲ್ಲವೆಂದು ಹೊರಟುಹೋದ.

ಇದರಲ್ಲಿ ಗೆಲುವು ಸೋಲು ಎಂಬುದೇನೂ ಇಲ್ಲ. ಆದರೂ, ಬಹುಕಾಲದ ಮೇಲೆ ನಿಂತು ವಾದಿಸಿದೆ. ಸ್ವರ ಇನ್ನೂ ಬಿದ್ದಿಲ್ಲವೆಂದು ತಿಳಿಯಿತು.

ಇತಿ,
ಪದ್ಮನಾಭ

*

ಹೊನ್ನಾವರ
8 ಫೆಬ್ರವರಿ 2025

ಪ್ರೊಫೆಸರರಿಗೆ,

ನೀವು ಬರೆಯದೆ ಬಿಟ್ಟ ಆ ಮುಖ್ಯ ಅಂಶ ಏನೆಂದು ನನಗೆ ತಿಳಿಯಿತು. ರಘುನಾಥ ಭಯ್ಯಾ ಫೋನ್ ಮಾಡಿದ್ದರು. ಹಿಂದೆ ದೋಣಿಗಳ ಮೋಟಾರಿನ ಸದ್ದು ಕೇಳುತ್ತಿತ್ತು. ವಿಚಾರಣೆಯಲ್ಲಿ ನೀವು ಆಡಿದ ಮಾತನ್ನು ಹೇಳಿದರು. “ನನ್ನ ಮಗ ಅವಿವಾಹಿತನಾಗಿ ತೀರಿಕೊಂಡ. ಆದ್ದರಿಂದ ಅವನ ತಾಯಿಯೊಬ್ಬಳೇ ವಾರಸುದಾರಳು.” ಹೀಗೆಂದು ನೀವು ನಿಂತು ಹೇಳಿದಿರಂತೆ. ಅಧಿಕಾರಿ, “ಇದಕ್ಕೆ ಯಾರದಾದರೂ ತಕರಾರಿದೆಯೇ?” ಎಂದು ಕೇಳಿದರಂತೆ. ಯಾರೂ ಬಾಯಿ ಬಿಡಲಿಲ್ಲವಂತೆ.

ನಿಮಗೆ ಗೊತ್ತಿರಲೇಬೇಕು, ಆದರೂ ಬರೆಯುತ್ತೇನೆ. ಕಾಶಿಯಲ್ಲಿ ಮದುವೆಯಾದವರು ಗಂಗೆಗೆ ಆರ್‌ಪಾರ್ ಮಾಲೆ ಒಪ್ಪಿಸುತ್ತಾರೆ. ಚೆಂಡುಹೂವಿನ ಸರದ ಒಂದು ತುದಿಯನ್ನು ಘಾಟಿನ ಮೆಟ್ಟಿಲ ಮೇಲೆ ಮನೆಯ ಹಿರಿಯರೊಬ್ಬರು ಹಿಡಿದಿರುತ್ತಾರೆ. ಗಂಡ ಹೆಂಡತಿ ದೋಣಿಯಲ್ಲಿ ಕೂತು ಸರವನ್ನು ನೀರಿಗೆ ಬಿಡುತ್ತ ಬಿಡುತ್ತ ಆಚೆ ದಡ ಮುಟ್ಟುತ್ತಾರೆ. ನಮ್ಮ ಸರ ತುಂಡಾಗಬಾರದೆಂದು ಆ ಘಾಟಿನ ದೋಣಿಗಳೆಲ್ಲ ಅಷ್ಟು ಹೊತ್ತು ನಿಂತಲ್ಲೇ ನಿಂತಿದ್ದವು. ಅವತ್ತು ಹುಟ್ಟು ಎತ್ತಿ ಹಿಡಿದು ಕಾದವರೇ ಜನವರಿಯಲ್ಲಿ ನಿಮ್ಮ ಮುಂದೆ ಅಂಗಳದಲ್ಲಿ ಕೂತಿದ್ದವರು. ಮದುವೆಯ ನೋಂದಣಿ ಮಾಡಿಸಿಕೊಳ್ಳೋಣ ಎಂದು ನಾವು ಅಂದುಕೊಳ್ಳುತ್ತಲೇ ಇದ್ದೆವು. ದೋಣಿ ಮುಗಿಯಲಿ ಎಂದ ವರುಣ.

“ಯಾಕೆ ಸುಮ್ಮನಿದ್ದಿರಿ ಭಯ್ಯಾ?” ಎಂದು ನಾನೂ ಗದರಿದೆ. ಮನೆಯ ಸೊಸೆಯನ್ನು ಕರೆಯುವ ಹಾಗೆ ಕರೆದು ಅವರು ಹೇಳಿದ್ದು ಇಷ್ಟು: “ದುಲಹಿನ್, ಬಾಬೂಜೀ ಗಮೀ ಮೇ ಹಉವನ್. ಬರಖೀ ತಕ್ ಬಾಪ್ ಕ ಬಾತ್ ಕಾಟಲ್ ನಾ ಜಾಲಾ.” ಮಗನನ್ನು ಕಳೆದುಕೊಂಡ ತಂದೆಯ ಮಾತನ್ನು ವರ್ಷಾಂತಿಕ ಮುಗಿಯುವವರೆಗೆ ಯಾರೂ ಕಡಿದು ಎದುರಾಡುವುದಿಲ್ಲವಂತೆ, ಆ ಘಾಟಿನಲ್ಲಿ. ನೀವು ಸುಳ್ಳು ಹೇಳಿದಾಗಲೂ ಅವರು ನಿಮ್ಮ ದುಃಖಕ್ಕೆ ಮರ್ಯಾದೆ ಕೊಟ್ಟರು.

ದಡದಲ್ಲಿ ಮಾಲೆಯ ತುದಿ ಹಿಡಿದವರು ಯಾರೆಂದು ನಾನು ಬರೆಯುವುದಿಲ್ಲ. ಹೇಳಬೇಕೆನಿಸಿದರೆ ಅವರೇ ಹೇಳಲಿ.

ಪ್ರಾರ್ಥನಾ ವರುಣ

*

ಅಸ್ಸಿ, ವಾರಾಣಸಿ
19 ಫೆಬ್ರವರಿ 2025

ಪ್ರಾರ್ಥನಾ ಅವರಿಗೆ,

‘ಸುಳ್ಳು’ ಎಂಬ ಪದವನ್ನು ನೀವು ಹಿಂತೆಗೆದುಕೊಳ್ಳಬೇಕು. ನಾನು ಮಾತನಾಡಿದ್ದು ಕಚೇರಿಯಲ್ಲಿ, ಕಚೇರಿಯ ಅರ್ಥದಲ್ಲಿ. ದಾಖಲೆಯಲ್ಲಿಲ್ಲದ ವಿವಾಹವನ್ನು ದಾಖಲೆಯ ಮುಂದೆ ವಿವಾಹವೆಂದು ಹೇಳಲು ಬರುವುದಿಲ್ಲ. ಇನ್ನು ಘಾಟಿನವರ ಮೌನದ ಬಗ್ಗೆ: ಎದುರು ಪಕ್ಷ ಉತ್ತರಿಸದ ಅಂಶ ಒಪ್ಪಿಕೊಂಡ ಅಂಶ. ಚರ್ಚೆಯ ಮೊದಲ ಪಾಠವೇ ಇದು. ಅವರ ಮನಸ್ಸಿನಲ್ಲಿ ಯಾವ ಕಟ್ಟಳೆ ಇತ್ತೆಂದು ನಾನು ಹೇಗೆ ಊಹಿಸಬೇಕಿತ್ತು?

ಎಂಜಿನ್ ಬಂದಿದೆ. ಮಿಸ್ತ್ರಿ ಹಿಂಬದಿಗೆ ತೂತು ಕೊರೆದು ಕೂಡಿಸಿದ್ದಾನೆ. ಇದರಲ್ಲಿ ವೈಯಕ್ತಿಕವಾದದ್ದು ಏನೂ ಇಲ್ಲ.

ಇತಿ,
ಪದ್ಮನಾಭ

*

ಅಸ್ಸಿ, ವಾರಾಣಸಿ
11 ಏಪ್ರಿಲ್ 2025

ಪ್ರಾರ್ಥನಾ ಅವರಿಗೆ,

ನನ್ನ ಹಿಂದಿನ ಪತ್ರಕ್ಕೆ ನೀವು ಉತ್ತರಿಸಿಲ್ಲ. ಆ ಮೌನವನ್ನು ಒಪ್ಪಿಗೆಯೆಂದು ಓದುವ ಧೈರ್ಯ ಈಗ ನನಗೆ ಉಳಿದಿಲ್ಲ. ಯಾಕೆ ಎಂಬುದನ್ನು ನಡೆದ ಕ್ರಮದಲ್ಲಿಯೇ ಬರೆಯುತ್ತೇನೆ. ಬೇರೆ ಯಾವ ಕ್ರಮದಲ್ಲಿ ಬರೆದರೂ ಅದು ಸಮರ್ಥನೆಯಾಗಿಬಿಡುತ್ತದೆ.

ಎಂಜಿನ್ ಕೂಡಿಸಿದ ಮೇಲೆ ಪರೀಕ್ಷೆಗೆ ದೋಣಿಯನ್ನು ಈಚೆ ದಡಕ್ಕೆ ತರಬೇಕಿತ್ತು. ರಘುನಾಥನನ್ನು ಕರೆದೆ. “ತಬಿಯತ್ ಠೀಕ್ ನಾಹೀಂ ಬಾ, ಬಾಬೂಜೀ,” ಎಂದು, ಮೈ ಸರಿಯಿಲ್ಲವೆನ್ನುತ್ತ ಕೈಮುಗಿದ. ಅವನ ಅಣ್ಣನ ಮಗನಿಗೆ ಬೇರೆ ಸವಾರಿ ಇತ್ತು. ಪಕ್ಕದ ಘಾಟಿನವನಿಗೆ ಆ ದಿನ ವ್ರತ. ಒಬ್ಬರೂ ಒರಟಾಗಿ ಮಾತನಾಡಲಿಲ್ಲ. ಒಬ್ಬರೂ ದೋಣಿಯನ್ನು ಮುಟ್ಟಲಿಲ್ಲ. ಚಹಾದಂಗಡಿಯಲ್ಲಿ ಮಾತ್ರ, ನನ್ನ ಬೆನ್ನಿಗೆ ಕೇಳುವ ಹಾಗೆ, ಯಾರೋ ಕೇಳಿದರು: “ಕಾ ಗುರೂ, ನಾವ್ ಪಾನೀ ಮೇ ಚಲೀ ಕಿ ಕಾಗಜ್ ಪೇ?” ದೋಣಿ ನೀರಿನಲ್ಲಿ ಓಡುತ್ತದೋ ಕಾಗದದ ಮೇಲೋ ಎಂದು. ನಕ್ಕವರಿಗೆ ಅಂಗಡಿಯವನೇ “ಶ್ಶ್, ಬರಖೀ ನಾ ಭಇಲ್ ಬಾ” ಎಂದ. ವರ್ಷಾಂತಿಕ ಆಗಿಲ್ಲ, ಸುಮ್ಮನಿರಿ ಎಂದು. ಆ ಗದರಿಕೆ ನನ್ನ ಪರವಾಗಿತ್ತು. ಗ್ಲಾಸನ್ನು ಅರ್ಧಕ್ಕೇ ಇಟ್ಟು ಎದ್ದುಬಂದೆ. ಇಷ್ಟು ವರ್ಷ ಈ ಊರಿನಲ್ಲಿದ್ದು ಯಾವ ಅಪಹಾಸ್ಯಕ್ಕೂ ತಲೆ ತಗ್ಗಿಸದವನು ಒಂದು ಕರುಣೆಗೆ ತಗ್ಗಿಸಿದೆ.

ಮನೆಗೆ ಬಂದು ವಸುಮತಿಯನ್ನು ಕೇಳಿದೆ. ನಿಮ್ಮ ಪತ್ರ ಬಂದಂದಿನಿಂದ ಕೇಳದೆ ಮುಂದೂಡುತ್ತಿದ್ದ ಪ್ರಶ್ನೆ. ಅವಳು ಕೊತ್ತಂಬರಿ ಸೊಪ್ಪು ಬಿಡಿಸುತ್ತಿದ್ದಳು. “ಮಾಲೆಯ ತುದಿ ಹಿಡಿದವರು ಯಾರು?”

“ನಾನೇ ರೀ,” ಎಂದಳು, ತಲೆಯೆತ್ತದೆ. “ಸಬ್ಜಿ ತರ್ತೀನಿ ಅಂತ ಹೇಳಿ ಹೋಗಿದ್ದೆ. ಬರುವಾಗ ಝೋಲಾ ಖಾಲಿ. ಕೈಯೆಲ್ಲ ಚೆಂಡುಹೂವಿನ ಬಣ್ಣ. ನೋಡಿದ್ರೆ ಕಾಣ್ತಿತ್ತು.”

ನಾನು ನೋಡಿರಲಿಲ್ಲ.

ವಿಚಾರಣೆಗೆ ಮೊದಲು ಅವಳ ಮುಂದೆ ಒಂದು ಕಾಗದ ಹಿಡಿದು ಸಹಿ ಹಾಕು ಎಂದಿದ್ದೆ. ಹಾಕಿದ್ದಳು. ಯಾವುದಕ್ಕೆಂದು ಅವಳು ಕೇಳಿರಲಿಲ್ಲ, ನಾನು ಹೇಳಿರಲಿಲ್ಲ. ಅವತ್ತು ಕಚೇರಿಯಲ್ಲಿ ಆಡಿದ ಮಾತನ್ನು ಈಗ ಅವಳಿಗೆ ಹೇಳಿದೆ. ಸೊಪ್ಪನ್ನು ಕೆಳಗಿಟ್ಟಳು. “ನನ್ನ ಹೆಸರಲ್ಲಿ ನಿಂತ್ಕೊಂಡು, ನನ್ನ ಸೊಸೆಯನ್ನ ಇಲ್ಲ ಅಂದ್ರಾ?” ಎಂದಳು. ಸ್ವರ ಏರಿಸಲಿಲ್ಲ. ಆಮೇಲೆ ಅಡುಗೆ ಮಾಡಿದಳು, ಬಡಿಸಿದಳು, ಮಜ್ಜಿಗೆ ಬೇಕೇ ಎಂದು ಕೇಳಿದಳು.

ಉತ್ತರವಿಲ್ಲದೆ ಕೂತಾಗ ಹೊಳೆಯಿತು: ನಾನು ಒಪ್ಪಿಕೊಂಡಿದ್ದೇನೆ ಎಂದೇನೂ ಅಲ್ಲ ಈ ಮೌನದ ಅರ್ಥ, ಬಾಯಿ ತೆರೆಯಲು ಆಗುತ್ತಿಲ್ಲ, ಅಷ್ಟೆ. ಹಾಗಾದರೆ ವರುಣ? ಊಟದ ಮೇಜಿನ ಮೇಲೆ ಅವನ ಕೆಲಸದ ಬಗ್ಗೆ, ನಿಮ್ಮ ಬಗ್ಗೆ, ನಿಮ್ಮ ಮನೆಯ ಬಗ್ಗೆ ನಾನು ಒಂದೊಂದೇ ಅಂಶ ಎತ್ತುತ್ತಿದ್ದಾಗ ಅವನು ಅನ್ನ ಕಲಸುತ್ತ ಸುಮ್ಮನಿರುತ್ತಿದ್ದ. ಅವೆಲ್ಲವನ್ನೂ ನಾನು ಗೆದ್ದ ಅಂಶಗಳೆಂದು ಎಣಿಸಿಕೊಂಡು ಮಲಗುತ್ತಿದ್ದೆ. ಅವನು ಏನು ಹೇಳುತ್ತಿದ್ದನೋ, ಈಗ ಯಾರನ್ನು ಕೇಳಲಿ?

ಈ ಪತ್ರಕ್ಕೆ ನೀವು ಉತ್ತರಿಸಬೇಕಾಗಿಲ್ಲ. ನನ್ನ ಅರ್ಜಿಯನ್ನು ಹಿಂತೆಗೆದುಕೊಂಡು ಮರುವಿಚಾರಣೆ ಕೇಳಿದ್ದೇನೆ.

ಪದ್ಮನಾಭ

*

ಅಸ್ಸಿ, ವಾರಾಣಸಿ
20 ಜೂನ್ 2025

ಪ್ರಾರ್ಥನಾ ಅವರಿಗೆ,

ಮರುವಿಚಾರಣೆ ನಿನ್ನೆ ನಡೆಯಿತು. ಫಲಿತಾಂಶವನ್ನು ಮೊದಲೇ ಬರೆದುಬಿಡುತ್ತೇನೆ: ವರುಣನ ವಾರಸುದಾರರು ಇಬ್ಬರು, ಅವನ ಹೆಂಡತಿ ಮತ್ತು ಅವನ ತಾಯಿ. ದೋಣಿ ನಿಮ್ಮಿಬ್ಬರದು. ಯಾವ ನೋಂದಣಿ, ಯಾವ ಹೆಸರು ಎಂಬುದನ್ನು ನೀವು ತೀರ್ಮಾನಿಸಬೇಕು. ತನ್ನ ಮಾತು ನಿಮ್ಮ ಮಾತೇ ಎಂದು ವಸುಮತಿ ಹೇಳಿದ್ದಾಳೆ.

ಅದು ಹೇಗೆ ಆಯಿತೆಂಬುದನ್ನೂ ನೀವು ನನ್ನಿಂದಲೇ ಕೇಳಬೇಕು. ಈ ಸಲ ರಘುನಾಥನ ಫೋನಿಗಾಗಿ ನೀವು ಕಾಯುವಂತಾಗಬಾರದು.

ವಸುಮತಿ ಆಟೋದಲ್ಲಿ ಬಂದು, ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತಿ, ತನ್ನ ಅರೆಬರೆ ಹಿಂದಿಯಲ್ಲಿ ಮದುವೆಯನ್ನೂ ಮಾಲೆಯನ್ನೂ ಹೇಳಿದಳು. ಅಧಿಕಾರಿ ನನ್ನ ಕಡೆ ತಿರುಗಿದರು. “ಪ್ರೊಫೆಸರ್ ಸಾಹಬ್, ಜನವರಿಯಲ್ಲಿ ಇವರ ಪರವಾಗಿ ನೀವೇ ಹೇಳಿದಿರಿ, ಮದುವೆ ಆಗಿಲ್ಲ ಎಂದು. ಈಗ ಇವರು ಆಗಿದೆ ಎನ್ನುತ್ತಾರೆ. ಇಬ್ಬರಲ್ಲಿ ಯಾರ ಮಾತು ನಿಜ?”

ಅಂಗಳದಲ್ಲಿ ಘಾಟಿನವರು ಕೂತಿದ್ದರು. ಅಧಿಕಾರಿ ಅವರನ್ನೂ ಕೇಳಿದರು. ರಘುನಾಥ ನನ್ನನ್ನು ಒಮ್ಮೆ ನೋಡಿದ. ನಂತರ ಎಲ್ಲರೂ ಬೇರೆಲ್ಲೋ ನೋಡತೊಡಗಿದರು. ವರ್ಷಾಂತಿಕಕ್ಕೆ ಇನ್ನೂ ತಿಂಗಳುಗಳಿವೆ. ಅವರು ನನ್ನ ಮಾತನ್ನು ಕಡಿಯುವವರಲ್ಲ.

ನನ್ನ ಬಳಿ ಒಂದು ಉತ್ತರ ಸಿದ್ಧವಿತ್ತು. ‘ಎರಡೂ ನಿಜ. ಲೋಕದ ಅರ್ಥದಲ್ಲಿ ವಿವಾಹಿತ, ದಾಖಲೆಯ ಅರ್ಥದಲ್ಲಿ ಅವಿವಾಹಿತ.’ ಒಳ್ಳೆಯ ಉತ್ತರ. ಅದನ್ನು ಹೇಳಿದ್ದರೆ ವಸುಮತಿಯ ಮಾತೂ ಉಳಿಯುತ್ತಿತ್ತು, ನನ್ನ ಮಾನವೂ ಉಳಿಯುತ್ತಿತ್ತು. ನಾನು ಸುಳ್ಳಾಡಲಿಲ್ಲ ಎಂದಾಗುತ್ತಿತ್ತು. ನಿಂತೆ. ಮೊದಲ ಪದ ನಾಲಿಗೆಯ ಮೇಲಿತ್ತು. ವಸುಮತಿ ತನ್ನ ಅಂಗೈಗಳನ್ನು ನೋಡಿಕೊಳ್ಳುತ್ತಿದ್ದಳು.

“ನನ್ನ ಹೆಂಡತಿ ಹೇಳಿದ್ದು ನಿಜ. ನಾನು ಹೇಳಿದ್ದು ಸುಳ್ಳು,” ಎಂದೆ. “ಮದುವೆಗೆ ನಾನೂ ಒಬ್ಬ ಸಾಕ್ಷಿ.”

“ನೀವು ಅಲ್ಲಿದ್ದಿರಾ?”

“ಇಲ್ಲ.”

ಹಿಂದಿನ ಸಾಲಿನಲ್ಲಿ ಯಾರೋ ನಗುವನ್ನು ಕೆಮ್ಮಾಗಿಸಿದರು. ಅಧಿಕಾರಿ ಲೇಖನಿ ಕೆಳಗಿಟ್ಟರು. “ಹಾಗಾದರೆ ಯಾತರ ಸಾಕ್ಷಿ, ಸಾಹಬ್?”

“ನನ್ನನ್ನು ಕರೆದಿದ್ದರು. ನನ್ನ ಮಗ ತಾನೇ ಬಂದು, ನನ್ನ ಕೋಣೆಯ ಬಾಗಿಲಲ್ಲಿ ನಿಂತು ಕರೆದ. ‘ಅಪ್ಪ, ನಾಳೆ ಬೆಳಗ್ಗೆ ಮದುವೆ, ಆಮೇಲೆ ಘಾಟಿನಲ್ಲಿ ಮಾಲೆ. ನೀವು ಬಂದು ಸುಮ್ಮನೆ ನಿಂತರೂ ಸಾಕು’ ಎಂದ. ನಾನು ಓದುತ್ತಿದ್ದ ಪತ್ರಿಕೆಯ ಪುಟ ತಿರುಗಿಸಿದೆ. ಅವನು ಇನ್ನೂ ಸ್ವಲ್ಪ ಹೊತ್ತು ನಿಂತಿದ್ದು ಹೋದ. ಮರುದಿನ ನಾನು ಮನೆಯಲ್ಲೇ ಕೂತಿದ್ದೆ. ನಡೆಯದ ಮದುವೆಗೆ ಯಾರೂ ಗೈರುಹಾಜರಾಗುವುದಿಲ್ಲ. ನನ್ನ ಗೈರುಹಾಜರಿಯೇ ನನ್ನ ಸಾಕ್ಷಿ. ಬರೆದುಕೊಳ್ಳಿ.”

ಅವರು ಬರೆದುಕೊಂಡರು. ಇದಕ್ಕೆ ಯಾರದಾದರೂ ತಕರಾರಿದೆಯೇ ಎಂದು ಕೇಳಿದರು. ಯಾರೂ ಮಾತನಾಡಲಿಲ್ಲ. ಈ ಮೌನದ ಅರ್ಥ ಏನೆಂದು ನಾನು ಊಹಿಸಹೋಗಲಿಲ್ಲ.

ಹೊರಗೆ ಬಂದಾಗ ರಘುನಾಥ ವಸುಮತಿಯ ಕೈ ಹಿಡಿದು ಮೆಟ್ಟಿಲು ಇಳಿಸುತ್ತಿದ್ದ. ನನಗಾಗಿ ಆಟೋದಲ್ಲಿ ಜಾಗ ಬಿಟ್ಟಿದ್ದರು. ನಡೆದೇ ಬರುತ್ತೇನೆಂದೆ. ಕಚೇರಿಯಿರುವ ಲಂಕಾ ಬಡಾವಣೆಯಿಂದ ಅಸ್ಸಿಯವರೆಗೆ ಬಿಸಿಲಿನಲ್ಲಿ ನಡೆಯುವಾಗ ಎದುರಿಗೆ ಬಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಾಲು ಮುಟ್ಟಿ ನಮಸ್ಕರಿಸಲು ಬಾಗಿದ. ಬೇಡವೆಂದು ಹಿಂದೆ ಸರಿದೆ. ಅವನಿಗೆ ಏನೂ ಅರ್ಥವಾಗಿರಲಾರದು.

ವರುಣನ ಕರ್ಮಗಳು ಮುಗಿದ ಮರುದಿನ ನೀವು ಚೀಲ ಹಿಡಿದು ಹೊರಟಾಗ ನಾನು ಜಗಲಿಯಲ್ಲೇ ಇದ್ದೆ. ಇರಿ ಎನ್ನಲಿಲ್ಲ. ಅದನ್ನೂ ಬರೆದುಕೊಳ್ಳಿ.

ವರುಣನ ಅಪ್ಪ
ಪದ್ಮನಾಭ

*

ಹೊನ್ನಾವರ
15 ಜುಲೈ 2025

ವರುಣನ ಅಪ್ಪನಿಗೆ,

ನಿಮ್ಮ ಪತ್ರವನ್ನು ನನ್ನ ಅಪ್ಪನಿಗೆ ಓದಿ ಹೇಳಿದೆ. ಅವರು ಬಲೆ ಹೆಣೆಯುತ್ತ ಕೇಳಿಸಿಕೊಂಡು, “ಆ ಮನುಷ್ಯ ಅಷ್ಟೂ ಜನರ ಎದುರು ಹೇಳಿದನಾ?” ಎಂದರು. ಹೌದು ಎಂದೆ. ಮತ್ತೆ ಬಲೆಗೆ ತಿರುಗಿದರು.

ನಿಮ್ಮನ್ನು ಕ್ಷಮಿಸಿದ್ದೇನೆ ಎಂದು ಬರೆಯಲಾರೆ. ಆ ಮಾತು ನನ್ನಲ್ಲಿ ಇನ್ನೂ ಹುಟ್ಟಿಲ್ಲ. ಹುಟ್ಟದ್ದನ್ನು ಬರೆದರೆ ನಿಮಗೂ ಅದರಿಂದ ಪ್ರಯೋಜನವಿಲ್ಲ. ಬಾಗಿಲಲ್ಲಿ ನಿಂತು ಕರೆದದ್ದನ್ನು ವರುಣ ನನಗೆ ಹೇಳಿರಲಿಲ್ಲ. “ಅಪ್ಪನಿಗೆ ಮೈ ಹುಷಾರಿಲ್ಲ” ಎಂದಿದ್ದ. ನಾನು ನಂಬಿದ್ದೆ. ಸರ ನೀರಿಗೆ ಬಿಡುವಾಗ ಅವನು ತಿರುತಿರುಗಿ ಮೆಟ್ಟಿಲುಗಳ ಕಡೆ ನೋಡುತ್ತಿದ್ದದ್ದು ಅಮ್ಮನನ್ನು ಎಂದುಕೊಂಡಿದ್ದೆ.

ದೋಣಿಯ ವಿಷಯ. ನಗರದ ಪರವಾನಗಿಯೇ ಇರಲಿ. ಎಂಜಿನ್ ತೆಗೆಸಿಬಿಡಿ, ತೂತನ್ನು ರಘುನಾಥ ಭಯ್ಯಾ ಮುಚ್ಚುತ್ತಾರೆ. ಶರಾವತಿಗೆ ಬೇಕಾದರೆ ನನ್ನ ಅಪ್ಪ ಇನ್ನೊಂದು ಕಟ್ಟಿಕೊಡುತ್ತಾರೆ. ಬತಾಸ್ ಹುಟ್ಟಿದ ನೀರಿನಲ್ಲೇ ಓಡಾಡಿಕೊಂಡಿರಲಿ. ಆ ಪರವಾನಗಿ ಆ ಘಾಟುಗಳನ್ನು ಬಿಟ್ಟು ಎಲ್ಲಿಯೂ ನಡೆಯುವುದಿಲ್ಲವೆಂದು ನೀವೇ ಬರೆದಿದ್ದಿರಿ. ಹಾಗಾದರೆ ಹಾಯಿ ಬಿಡಬೇಕೆನಿಸಿದಾಗಲೆಲ್ಲ ನಾನೇ ಅಲ್ಲಿಗೆ ಬರಬೇಕಾಗುತ್ತದೆ.

ಪ್ರವಾಹ ಇಳಿದ ಮೇಲೆ, ಕಾರ್ತಿಕದಲ್ಲಿ ಬರುತ್ತೇನೆ. ಅಮ್ಮನಿಗೆ ಹೇಳಿ.

ಪ್ರಾರ್ಥನಾ

*

ಅಸ್ಸಿ, ವಾರಾಣಸಿ
3 ಅಕ್ಟೋಬರ್ 2025

ಚಿ. ಪ್ರಾರ್ಥನಾಳಿಗೆ,

ವರ್ಷಾಂತಿಕ ಹನುಮಾನ್ ಘಾಟಿನಲ್ಲಿ ಹೋದ ತಿಂಗಳು ಮುಗಿಯಿತು. ಮರುದಿನವೇ ಚಹಾದಂಗಡಿಯಲ್ಲಿ ರಘುನಾಥ ಎಲ್ಲರೆದುರು ನನ್ನನ್ನು ತಡೆದು, “ಬಾಬೂಜೀ, ಜನವರೀ ಮೇ ಆಪ್ ಬಹುತ್ ಗಲತ್ ಬೋಲಲೀಂ,” ಎಂದ. ಬಹಳ ತಪ್ಪು ಮಾತಾಡಿದಿರಿ ಎಂದು. ಇಷ್ಟು ದಿನ ಅದನ್ನು ಎದೆಯಲ್ಲಿ ಇಟ್ಟುಕೊಂಡಿದ್ದ. ಹೌದು ಎಂದೆ. ನನಗೂ ಒಂದು ಚಹಾ ಹೇಳಿದ. ಈ ಸಲ ಪೂರ್ತಿ ಕುಡಿದೆ.

ಎಂಜಿನ್ ಇಳಿಸಿ, ತೂತಿಗೆ ಮರದ ತುಂಡು ಹೊಂದಿಸಿ ರಾಳ ಬಳಿದಿದ್ದಾರೆ. ಆ ತೇಪೆ ಕಾಣುತ್ತದೆ. ಕಾಣದಂತೆ ಬಣ್ಣ ಬಳಿಯಲೇ ಎಂದು ರಘುನಾಥ ಕೇಳಿದ. ಬೇಡವೆಂದೆ. ಪರವಾನಗಿಯಲ್ಲಿ ಒಡೆಯರ ಹೆಸರು ನಿನ್ನದು, ವಸುಮತಿಯದು; ನಡೆಸುವವನ ಹೆಸರು ರಘುನಾಥನದು. ಮೂತಿಯ ಮೇಲೆ ಸಂಖ್ಯೆ, ಅದರ ಕೆಳಗೆ ‘ಬತಾಸ್’. ನಾಗರಿಯಲ್ಲಿ ರಘುನಾಥ ಬರೆದ, ಕನ್ನಡದಲ್ಲಿ ವಸುಮತಿ. ಅವಳ ‘ಬ’ ಸ್ವಲ್ಪ ಓರೆಯಾಗಿದೆ. ನನ್ನ ಹೆಸರು ಆ ದೋಣಿಯ ಮೇಲಾಗಲಿ, ಅದರ ಕಾಗದದಲ್ಲಾಗಲಿ ಎಲ್ಲಿಯೂ ಇಲ್ಲ. ಇರಬೇಕಾದದ್ದೇ ಹಾಗೆ.

ನಿನ್ನೆ ಪರೀಕ್ಷೆಗೆಂದು ಹಾಯಿ ಏರಿಸಿದರು. ಬನ್ನಿ, ಕೂತುಕೊಳ್ಳಿ ಎಂದು ರಘುನಾಥ ಕೈ ನೀಡಿದ. ನಾನು ಮೆಟ್ಟಿಲಿನ ಮೇಲೆಯೇ ನಿಂತೆ. ಹತ್ತುವ ಯೋಗ್ಯತೆ ಇನ್ನೂ ಬಂದಿಲ್ಲ. ಆದರೆ ದೋಣಿ ಬಿಡುವಾಗ ದಡದಲ್ಲಿ ಒಬ್ಬರು ಹಗ್ಗ ಹಿಡಿದಿರಬೇಕಂತೆ. ಗಾಳಿ ಹಾಯಿಗೆ ತುಂಬಿಕೊಳ್ಳುವವರೆಗೆ ಬಿಗಿಯಾಗಿ ಹಿಡಿದು, ಅವರು ಕೂಗಿದ ಕೂಡಲೇ ಬಿಟ್ಟುಬಿಡಬೇಕು. ಅದನ್ನು ಕಲಿಯುತ್ತಿದ್ದೇನೆ. ಹಿಡಿಯುವುದು ಬಂದಿದೆ, ಸರಿಯಾದ ಹೊತ್ತಿಗೆ ಬಿಡುವುದು ಇನ್ನೂ ತಪ್ಪುತ್ತದೆ.

ನೀನು ಬಂದು ದೋಣಿ ಇಳಿಸುವ ದಿನ ನನ್ನನ್ನೂ ಒಂದು ಮಾತು ಕರೆ. ಬರುತ್ತೇನೆ.

ಪದ್ಮನಾಭ